ಪೆನ್ ಡ್ರೈವ್ ತುಂಬಾ ಶಾರ್ಟ್‌ಕಟ್: ವೈರಸ್ ಇರುವುದು ಡ್ರೈವ್‌ನಲ್ಲೋ, ಆಫೀಸಿನ ಕಂಪ್ಯೂಟರ್‌ನಲ್ಲೋ?

ಈ ದೂರು ಯಾವಾಗಲೂ ಒಂದೇ ಥರ ಬರುತ್ತದೆ. ಪೆನ್ ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಹೆಸರು ಅದೇ, ಹಳದಿ ಫೋಲ್ಡರ್ ಚಿತ್ರವೂ ಅದೇ, ಆದರೆ ಕೆಳಗೆ ಎಡಮೂಲೆಯಲ್ಲಿ ಒಂದು ಪುಟ್ಟ ಬಾಣ. ಕೆಲವರ ಡ್ರೈವ್‌ನಲ್ಲಿ ಅಷ್ಟೂ ಇರುವುದಿಲ್ಲ. ಡ್ರೈವ್‌ನ ಹೆಸರನ್ನೇ ಹೊತ್ತ ಒಂದೇ ಒಂದು ಶಾರ್ಟ್‌ಕಟ್ ಕೂತಿರುತ್ತದೆ. ನಾಳೆ ಬೆಳಿಗ್ಗೆ ಕೊಡಬೇಕಾದ ವರದಿ, ಮಕ್ಕಳ ಅಂಕಪಟ್ಟಿ, ಮೂರು ತಿಂಗಳ ಲೆಕ್ಕ ಎಲ್ಲ ಮಾಯ.

ಗಾಬರಿ ಬೇಡ. ಹತ್ತರಲ್ಲಿ ಒಂಬತ್ತು ಸಲ ಫೈಲ್‌ಗಳು ಅಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡಬೇಡಿ. ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಲೇಬೇಡಿ. "ನಿನ್ನ ಸಿಸ್ಟಮ್‌ನಲ್ಲಿ ಓಪನ್ ಆಗುತ್ತಾ ನೋಡೋಣ" ಅಂತ ಪಕ್ಕದ ಮೇಜಿನವರ ಕಂಪ್ಯೂಟರ್‌ಗೆ ಹಾಕುವುದಂತೂ ಬೇಡವೇ ಬೇಡ. ಇಡೀ ಆಫೀಸಿಗೆ ಇದು ಹರಡುವುದು ಹೆಚ್ಚಾಗಿ ಆ ಒಂದು ಮಾತಿನಿಂದಲೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜನ ಪೆನ್ ಡ್ರೈವ್ ಕ್ಲೀನ್ ಮಾಡುತ್ತಾರೆ, ವಾರದಲ್ಲಿ ಅದೇ ದೂರು ತಗೊಂಡು ವಾಪಸ್ ಬರುತ್ತಾರೆ. ಸೂರು ಸೋರುತ್ತಿರುವಾಗ ನೆಲ ಒರೆಸಿದ ಹಾಗೆ. ಡ್ರೈವ್ ಬರೀ ಹೊತ್ತು ತಿರುಗುವ ವಸ್ತು. ವೈರಸ್ ಮನೆ ಮಾಡಿಕೊಂಡಿರುವುದು ಯಾವುದೋ ಒಂದು ಕಂಪ್ಯೂಟರ್‌ನಲ್ಲಿ. ಅದನ್ನು ಹುಡುಕುವುದೇ ನಿಜವಾದ ಕೆಲಸ.

ಒಳಗೆ ನಡೆದಿರುವುದೇನು

ವಿಂಡೋಸ್‌ನಲ್ಲಿ ಪ್ರತಿ ಫೈಲ್‌ಗೂ ಕೆಲವು ಗುರುತುಗಳಿರುತ್ತವೆ. ಹಿಡನ್ ಅಂದರೆ ಬಚ್ಚಿಟ್ಟದ್ದು, ಸಿಸ್ಟಮ್ ಅಂದರೆ ವಿಂಡೋಸ್‌ಗೆ ಸೇರಿದ್ದು. ಈ ಎರಡೂ ಗುರುತು ಒಟ್ಟಿಗೆ ಬಿದ್ದ ಫೈಲ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ವೈರಸ್ ನಿಮ್ಮ ಫೋಲ್ಡರ್‌ಗೆ ಈ ಎರಡನ್ನೂ ಹಾಕಿ, ಅದೇ ಹೆಸರಿನ ಒಂದು ಶಾರ್ಟ್‌ಕಟ್ ಮಾಡಿಟ್ಟಿರುತ್ತದೆ.

ಆ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಟಾರ್ಗೆಟ್ ಎಂಬ ಸಾಲು ಓದಿ. ಫೋಲ್ಡರ್‌ನ ದಾರಿ ಇರಬೇಕಾದ ಕಡೆ ಸಿಎಂಡಿ, ಡಬ್ಲ್ಯೂಸ್ಕ್ರಿಪ್ಟ್, ರನ್‌ಡಿಎಲ್‌ಎಲ್32, ಎಂಎಸ್‌ಐಎಕ್ಸೆಕ್ ಇಂಥ, ಬೇರೆ ಫೈಲ್‌ಗಳನ್ನು ಓಡಿಸುವ ವಿಂಡೋಸ್ ಪ್ರೋಗ್ರಾಮ್‌ಗಳ ಹೆಸರು ಕಂಡರೆ ಅನುಮಾನವೇ ಬೇಡ. ಡಬಲ್ ಕ್ಲಿಕ್ ಮಾಡಿದಾಗ ಅದು ಮೊದಲು ವೈರಸ್ ಓಡಿಸುತ್ತದೆ, ಆಮೇಲೆ ನಿಮ್ಮ ಫೋಲ್ಡರನ್ನೂ ತೆಗೆದು ತೋರಿಸುತ್ತದೆ. ಈ ಎರಡನೆಯದೇ ಕುತಂತ್ರ. ಫೋಲ್ಡರ್ ತೆರೆಯಿತು, ಕೆಲಸ ಆಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯುತ್ತಿರುವ ಆಫೀಸುಗಳಿವೆ.

ಮೊದಲೆಲ್ಲ ಡಬಲ್ ಕ್ಲಿಕ್ ಕೂಡ ಬೇಕಿರಲಿಲ್ಲ. ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಎಂಬ ಸೌಲಭ್ಯ ತಾನಾಗಿಯೇ ಪ್ರೋಗ್ರಾಮ್ ಓಡಿಸುತ್ತಿತ್ತು. 2008ರ ಕೊನೆಗೆ ಬಂದ ಕಾನ್‌ಫಿಕರ್ ಎಂಬ ವೈರಸ್ ಪೆನ್ ಡ್ರೈವ್‌ನಿಂದ ಹರಡಲು ಬಳಸಿದ್ದು ಇದನ್ನೇ. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್ ಡ್ರೈವ್‌ಗೆ ಆಟೋರನ್ ನಿಲ್ಲಿಸಿತು, 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ತಾಗಳಿಗೂ ಅದೇ ಬದಲಾವಣೆ ಕೊಟ್ಟಿತು. ಬಾಗಿಲು ಮುಚ್ಚಿದ ಮೇಲೆ ವೈರಸ್ ಬರೆಯುವವರು ನಮ್ಮ ಬೆರಳನ್ನೇ ನಂಬಿಕೊಂಡರು. ಆಂಡ್ರೊಮಿಡಾ ಎಂಬುದು ಎಲ್ಲ ಫೈಲ್‌ಗಳನ್ನೂ ಹೆಸರೇ ಇಲ್ಲದ ಫೋಲ್ಡರ್‌ಗೆ ತುಂಬಿ ಒಂದೇ ಶಾರ್ಟ್‌ಕಟ್ ಬಿಡುತ್ತಿತ್ತು. ಅದರ ಜಾಲವನ್ನು ಹಲವು ದೇಶಗಳ ಪೊಲೀಸರು ಸೇರಿ 2017ರ ನವೆಂಬರ್‌ನಲ್ಲಿ ಮುರಿದರು. 2021ರಲ್ಲಿ ಮೊದಲು ಕಾಣಿಸಿಕೊಂಡ ರಾಸ್‌ಬೆರಿ ರಾಬಿನ್ ಕೂಡ ಇದೇ ಜಾತಿಯದು. ಹೆಸರು ಬದಲಾದರೂ ಉಪಾಯ ಅದೇ: ನೀವೇ ಡಬಲ್ ಕ್ಲಿಕ್ ಮಾಡಬೇಕು.

ಇದು ಅದೇ ದೋಷವೇ?

ಮೊದಲು ಡ್ರೈವ್‌ನ ಪ್ರಾಪರ್ಟೀಸ್ ತೆಗೆದು ಎಷ್ಟು ಜಾಗ ಬಳಕೆಯಾಗಿದೆ ನೋಡಿ. ಕಣ್ಣಿಗೆ ಕಾಣುವುದು ಒಂದೆರಡು ಕೆಬಿ ಶಾರ್ಟ್‌ಕಟ್, ಆದರೆ 6 ಜಿಬಿ ಬಳಕೆ ಅಂತ ತೋರಿಸುತ್ತಿದ್ದರೆ ಫೈಲ್‌ಗಳು ಒಳಗೇ ಅಡಗಿವೆ. ಖುಷಿಪಡಿ.

ನಂತರ ವ್ಯೂ ಮೆನುವಿನಲ್ಲಿ ಡೀಟೇಲ್ಸ್ ಆರಿಸಿ, ಟೈಪ್ ಎಂಬ ಕಾಲಂ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. "ಫೈಲ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಇಟ್ಟುಕೊಳ್ಳಿ" ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಒಳ್ಳೆಯದೇ. ಎಕ್ಸ್‌ಟೆನ್ಷನ್ ಅಂದರೆ ಫೈಲ್ ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಅಕ್ಷರಗಳು. ಫೋಲ್ಡರ್ ಚಿತ್ರ ಅಂಟಿಸಿಕೊಂಡು ಬರುವ ಇಎಕ್ಸ್‌ಇ, ಅಂದರೆ ಪ್ರೋಗ್ರಾಮ್ ಫೈಲ್‌ಗಳು ಅದರಿಂದ ಸಿಕ್ಕಿಬೀಳುತ್ತವೆ. ಆದರೆ ಶಾರ್ಟ್‌ಕಟ್‌ನ ಎಕ್ಸ್‌ಟೆನ್ಷನ್ ಆ ಸೆಟ್ಟಿಂಗ್ ಹಾಕಿದ ಮೇಲೂ ಕಾಣುವುದಿಲ್ಲ. ವಿಂಡೋಸ್ ಅದನ್ನು ಬೇಕೆಂದೇ ಮರೆಮಾಡುತ್ತದೆ. ಹಾಗಾಗಿ ಬಾಣ ಮತ್ತು ಟೈಪ್ ಕಾಲಂ, ಈ ಎರಡನ್ನೇ ನಂಬಬೇಕು.

ಬೇರೆ ದೋಷಗಳನ್ನು ಇದರ ಜೊತೆ ಬೆರೆಸಬೇಡಿ. ಡ್ರೈವ್ ಹಾಕಿದ ಕೂಡಲೇ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದರೆ ಅದು ಬಹುತೇಕ ವೈರಸ್ ಅಲ್ಲ. ಸರಿಯಾಗಿ ಇಜೆಕ್ಟ್ ಮಾಡದೆ ಕಿತ್ತಿದ್ದರಿಂದಲೋ, ಚಿಪ್ ಸತ್ತಿದ್ದರಿಂದಲೋ ಹಾಗಾಗುತ್ತದೆ. ಅದಕ್ಕೆ ಡೇಟಾ ರಿಕವರಿ ಬೇಕು, ದಾರಿಯೇ ಬೇರೆ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಎಂಬ ಫೋಲ್ಡರ್ ಕಂಡು ಹೆದರಿದವರೂ ಇದ್ದಾರೆ. ಅದು ವಿಂಡೋಸ್‌ನದೇ, ಬಿಟ್ಟುಬಿಡಿ.

ಇನ್ನೊಂದು ಮಾತ್ರ ತಮಾಷೆಯಲ್ಲ. ಫೈಲ್‌ಗಳು ಕಾಣುತ್ತಿವೆ, ಆದರೆ ಹೆಸರಿನ ಕೊನೆಗೆ ಗೊತ್ತಿಲ್ಲದ ನಾಲ್ಕಕ್ಷರ ಸೇರಿಕೊಂಡಿದೆ, ತೆರೆಯುತ್ತಿಲ್ಲ, ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲ್ ಇದೆ. ಇದು ರ‍್ಯಾನ್ಸಮ್‌ವೇರ್. ಇಲ್ಲಿ ಓದುವುದನ್ನು ನಿಲ್ಲಿಸಿ, ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್ ಮಾಡಿ, ತಿಳಿದವರನ್ನು ಕರೆಸಿ.

ಯಾವ ಕಂಪ್ಯೂಟರ್ ಅಂತ ಹಿಡಿಯುವುದು

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಒಂದು ಹಳೆಯ ಪೆನ್ ಡ್ರೈವ್ ಸಾಕು.

ಅದನ್ನು ಆದಷ್ಟು ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಇರುವ ಕಂಪ್ಯೂಟರ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಲಿನಕ್ಸ್ ಇಲ್ಲದಿದ್ದರೆ ಅದರದೇ ಬಗೆಗಳಾದ ಉಬುಂಟು ಅಥವಾ ಮಿಂಟ್ ಅನ್ನು ಇನ್ನೊಂದು ಪೆನ್ ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬಹುದು, ಇನ್‌ಸ್ಟಾಲ್ ಮಾಡುವ ಅಗತ್ಯ ಇಲ್ಲ. ವಿಂಡೋಸ್‌ಗಾಗಿ ಬರೆದ ಈ ಶಾರ್ಟ್‌ಕಟ್‌ಗಳು ಅಲ್ಲಿ ಸುಮ್ನೆ ಸತ್ತ ಫೈಲ್‌ಗಳು. ಬಚ್ಚಿಟ್ಟ ಫೋಲ್ಡರ್‌ಗಳೂ ಅಲ್ಲಿ ರಾಜಾರೋಷವಾಗಿ ಕಾಣುತ್ತವೆ.

ಡ್ರೈವ್ ಖಾಲಿಯಾದ ಮೇಲೆ ಅದರಲ್ಲಿ ಒಂದು ಫೋಲ್ಡರ್, ಅದರೊಳಗೆ ಒಂದು ಟೆಕ್ಸ್ಟ್ ಫೈಲ್, ಹೊರಗೆ ಇನ್ನೊಂದು ಟೆಕ್ಸ್ಟ್ ಫೈಲ್ ಇಡಿ. ಅನುಮಾನವಿರುವ ಕಂಪ್ಯೂಟರ್‌ಗೆ ಚುಚ್ಚಿ ಒಂದಷ್ಟು ಹೊತ್ತು ಬಿಡಿ. ಒಂದು ಸಲ ಇಜೆಕ್ಟ್ ಮಾಡಿ ಮತ್ತೆ ಹಾಕಿ. ಏನನ್ನೂ ತೆರೆಯಬೇಡಿ. ಆಮೇಲೆ ಲಿನಕ್ಸ್‌ನಲ್ಲಿ ನೋಡಿ. ನೀವು ಇಟ್ಟಿದ್ದಷ್ಟೇ ಇದ್ದರೆ, ಜೊತೆಗೆ ಆ ಸಿಸ್ಟಮ್ ವಾಲ್ಯೂಮ್ ಫೋಲ್ಡರ್ ಮಾತ್ರ ಇದ್ದರೆ, ಆ ಕಂಪ್ಯೂಟರ್ ಸದ್ಯಕ್ಕೆ ಪಾಸ್. ಶಾರ್ಟ್‌ಕಟ್ಟೋ, ವಿಬಿಎಸ್ ಎಂಬ ಸ್ಕ್ರಿಪ್ಟ್ ಫೈಲೋ ಬಂದು ಕೂತಿದ್ದರೆ ಆರೋಪಿ ಸಿಕ್ಕಿಬಿದ್ದ. ಡ್ರೈವ್ ಮತ್ತೆ ಫಾರ್ಮ್ಯಾಟ್ ಮಾಡಿ ಮುಂದಿನ ಕಂಪ್ಯೂಟರ್‌ಗೆ ಹೋಗಿ. ಒಂದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಆಫೀಸಿನ ಎಲ್ಲವನ್ನೂ ನೋಡಿ. ಮೂಲೆಯಲ್ಲಿ ಬರೀ ಸ್ಕ್ಯಾನರ್‌ಗೆ ಅಂತ ಇಟ್ಟಿರುವ ಹಳೇ ಡಬ್ಬಾ ಇರುತ್ತಲ್ವಾ, ಅದನ್ನು ಮೊದಲು ನೋಡಿ. ಎಲ್ಲರ ಪೆನ್ ಡ್ರೈವೂ ದಿನಕ್ಕೊಂದು ಸಲ ಹೋಗಿ ಬರುವುದು ಅಲ್ಲಿಗೇ. ಅಪ್‌ಡೇಟ್ ಕಾಣದೆ ವರ್ಷಗಳಾಗಿರುವುದೂ ಅದಕ್ಕೇ.

ಎಲ್ಲ ಕಂಪ್ಯೂಟರ್‌ಗಳೂ ಪಾಸ್ ಆದರೆ ಸೋಂಕು ಹೊರಗಿನದು. ಜೆರಾಕ್ಸ್ ಅಂಗಡಿ, ಡಿಟಿಪಿ ಅಂಗಡಿ, ಇಲ್ಲವೇ ಯಾರದೋ ಮನೆಯ ಕಂಪ್ಯೂಟರ್.

ಸಿಕ್ಕಿಬಿದ್ದ ಕಂಪ್ಯೂಟರ್‌ಗೆ ಚಿಕಿತ್ಸೆ

ಇಲ್ಲಿ ಸರದಿ ಮುಖ್ಯ. ಪೆನ್ ಡ್ರೈವ್‌ನ ಶಾರ್ಟ್‌ಕಟ್ ಅಳಿಸಿದರೆ ಸೆಕೆಂಡುಗಳಲ್ಲಿ ವಾಪಸ್ ಬರುತ್ತದೆ, ಏಕೆಂದರೆ ಅದನ್ನು ಬರೆಯುವ ಪ್ರೋಗ್ರಾಮ್ ಇನ್ನೂ ಓಡುತ್ತಿದೆ. ಮೊದಲು ಎಲ್ಲ ಡ್ರೈವ್ ತೆಗೆದಿಡಿ, ಇಂಟರ್‌ನೆಟ್ ಕಿತ್ತಿಡಿ. ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್ ಪುಟದಲ್ಲಿ ಕಮಾಂಡ್ ಲೈನ್ ಎಂಬ ಕಾಲಂ ಸೇರಿಸಿ. ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್ ಎಂಬ ಹೆಸರಿನಲ್ಲಿ ಏನೋ ಓಡುತ್ತಿದ್ದರೆ, ಅದು ಯಾವ ಫೈಲನ್ನು ಓಡಿಸುತ್ತಿದೆ ಅಂತ ಆ ಕಾಲಂ ಹೇಳುತ್ತದೆ. ದಾರಿ ಬರೆದುಕೊಳ್ಳಿ, ನಂತರ ಎಂಡ್ ಟಾಸ್ಕ್. ಆಮೇಲೆ ಸ್ಟಾರ್ಟ್‌ಅಪ್ ಪಟ್ಟಿ, ಸ್ಟಾರ್ಟ್‌ಅಪ್ ಫೋಲ್ಡರ್, ಟಾಸ್ಕ್ ಶೆಡ್ಯೂಲರ್ ಈ ಮೂರರಲ್ಲಿ ಅದೇ ಹೆಸರು ಹುಡುಕಿ ತೆಗೆಯಿರಿ. ಕೊನೆಗೆ ಆ ಫೈಲ್ ಅಳಿಸಿ. ಮೈಕ್ರೋಸಾಫ್ಟ್‌ನ ಆಟೋರನ್ಸ್ ಎಂಬ ಉಚಿತ ಪ್ರೋಗ್ರಾಮ್ (ಮೇಲೆ ಹೇಳಿದ ಆಟೋರನ್ ಅಲ್ಲ) ಇದ್ದರೆ ಎಲ್ಲವೂ ಒಂದೇ ಕಿಟಕಿಯಲ್ಲಿ ಸಿಗುತ್ತದೆ. ಆದರೆ ಅದರ ಪಟ್ಟಿ ಉದ್ದ ಇರುತ್ತದೆ, ಅಭ್ಯಾಸ ಇಲ್ಲದವರು ಕೈಯಾಡಿಸದಿರುವುದೇ ವಾಸಿ.

ಇಷ್ಟು ಕೈಯಿಂದ ಮಾಡಲು ಆಗದವರು ನೇರವಾಗಿ ವಿಂಡೋಸ್‌ನ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಕಾಲು ಗಂಟೆ ಹುಡುಕುತ್ತದೆ. ಅದಾದ ಮೇಲೆ ಫುಲ್ ಸ್ಕ್ಯಾನ್. ಫುಲ್ ಅಂದ ಮಾತ್ರಕ್ಕೆ ಪೆನ್ ಡ್ರೈವ್ ಕೂಡ ಸೇರಿತು ಅಂದುಕೊಳ್ಳಬೇಡಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಸೇರುವುದಿಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರತ್ಯೇಕವಾಗಿ ಸ್ಕ್ಯಾನ್ ಕೊಡಬೇಕು.

ಡಿಫೆಂಡರ್ ಯಾಕೆ ಸುಮ್ಮನಿತ್ತು?

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಳೆಯುವುದು ಈ ಪ್ರಶ್ನೆಯ ಮೇಲೆ. ಈ ವೈರಸ್‌ಗಳು ಹೊಸವಲ್ಲ. ಅಪ್‌ಡೇಟ್ ಆಗಿರುವ ಡಿಫೆಂಡರ್ ಹೆಚ್ಚಿನವನ್ನು ಬಾಗಿಲಲ್ಲೇ ಹಿಡಿಯುತ್ತದೆ. ಹಿಡಿದಿಲ್ಲ ಅಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ.

ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ತೀರಾ ಕೆಳಗೆ ಎಕ್ಸ್‌ಕ್ಲೂಷನ್ಸ್. ಇದು "ಇಲ್ಲಿ ನೋಡಬೇಡ" ಅಂತ ಡಿಫೆಂಡರ್‌ಗೆ ಕೊಟ್ಟ ಪಟ್ಟಿ. ಮಾಮೂಲಿ ಆಫೀಸ್ ಕಂಪ್ಯೂಟರ್‌ನಲ್ಲಿ ಇದು ಖಾಲಿ ಇರಬೇಕು. ಲೆಕ್ಕದ ಸಾಫ್ಟ್‌ವೇರ್‌ನವರು ತಮ್ಮ ಒಂದು ಫೋಲ್ಡರ್ ಸೇರಿಸಿರಬಹುದು, ಅದು ಬೇರೆ ವಿಷಯ. ಆದರೆ ಒಂದು ಕಚೇರಿಯಲ್ಲಿ ಆ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ಇಡೀ ಸಿ ಡ್ರೈವ್. ಹಸಿರು ಟಿಕ್ ಗುರುತು ಹಾಗೇ ಇತ್ತು, ಎಲ್ಲ ಸರಿ ಇದೆ ಅಂತ ದಿನಾ ತೋರಿಸುತ್ತಿತ್ತು. ಒಳಗೆ ಕಾವಲೇ ಇರಲಿಲ್ಲ.

ಹೀಗಾಗುವುದು ಹೆಚ್ಚಾಗಿ ಕದ್ದ ಸಾಫ್ಟ್‌ವೇರ್‌ನಿಂದ. ಕಂಪ್ಯೂಟರ್ ಜೋಡಿಸಿಕೊಟ್ಟವರು ಆಫೀಸ್ ಪ್ಯಾಕೇಜ್ "ಫ್ರೀಯಾಗಿ" ಹಾಕಿಕೊಟ್ಟಿರುತ್ತಾರೆ. ಅದನ್ನು ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್‌ನ ಮೊದಲ ಸೂಚನೆಯೇ "ಆ್ಯಂಟಿವೈರಸ್ ಆಫ್ ಮಾಡಿ". ಅಪರಿಚಿತ ಪ್ರೋಗ್ರಾಮ್ ಒಂದಕ್ಕೆ ಅಡ್ಮಿನ್ ಹಕ್ಕು ಕೊಟ್ಟು, ಕಾವಲುಗಾರನನ್ನು ಮನೆಗೆ ಕಳಿಸಿ, ಆಮೇಲೆ ಪೆನ್ ಡ್ರೈವನ್ನು ಬೈಯುವುದರಲ್ಲಿ ಏನರ್ಥ? ಲೈಸೆನ್ಸ್‌ಗೆ ದುಡ್ಡಿಲ್ಲದಿದ್ದರೆ ಲಿಬ್ರೆ ಆಫೀಸ್ ಇದೆ. ಪತ್ರ, ಪಟ್ಟಿ, ಸಾಧಾರಣ ಲೆಕ್ಕಕ್ಕೆ ಧಾರಾಳ ಸಾಕು. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶಕ್ಕೂ ಇದೇ ಮಾತು. ಅದು ಉಚಿತವಾಗಿಯೇ ಸಿಕ್ಕುವಾಗ ಯಾವುದೋ ಡೌನ್‌ಲೋಡ್ ತಾಣದಿಂದ ಇಳಿಸಿಕೊಳ್ಳುವ ಅಗತ್ಯ ಇಲ್ಲ. ಕನ್ನಡ ಗಣಕ ಪರಿಷತ್ತಿನಿಂದಲೇ ತಗೊಳ್ಳಿ.

ಸಿ ಡ್ರೈವ್ ಆ ಪಟ್ಟಿಯಲ್ಲಿ ಕಂಡರೆ ನನ್ನ ತೀರ್ಮಾನ ಖಚಿತ. ಕ್ಲೀನ್ ಮಾಡುತ್ತಾ ಕೂರಬೇಡಿ. ದಾಖಲೆಗಳನ್ನು ಕಾಪಿ ಮಾಡಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ಶಾರ್ಟ್‌ಕಟ್ ವೈರಸ್ ಕಣ್ಣಿಗೆ ಬಿದ್ದದ್ದು ಮಾತ್ರ. ಕಣ್ಣಿಗೆ ಬೀಳದ್ದು ಇನ್ನೇನಿದೆಯೋ.

ಹೊಸದಾಗಿ ಹಾಕುವಾಗ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಯೂಸರ್ ಖಾತೆ ಮಾಡಿ, ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬೇರೆ ಇಡಿ. ಎಕ್ಸ್‌ಕ್ಲೂಷನ್ ಸೇರಿಸಲು ಅಡ್ಮಿನ್ ಹಕ್ಕು ಬೇಕು. ಸ್ಟ್ಯಾಂಡರ್ಡ್ ಖಾತೆಯಲ್ಲಿ ಕೂತವರು ಏನೇ ಕ್ಲಿಕ್ ಮಾಡಿದರೂ ಪಾಸ್‌ವರ್ಡ್ ಇಲ್ಲದೆ ಡಿಫೆಂಡರ್‌ನ ಬಾಯಿ ಮುಚ್ಚಿಸಲು ಆಗುವುದಿಲ್ಲ. ಹಾಗಂತ ಶಾರ್ಟ್‌ಕಟ್ ವೈರಸ್ ಓಡುವುದೇ ಇಲ್ಲ ಅಂತಲ್ಲ, ಆ ಒಬ್ಬರ ಖಾತೆಯೊಳಗೆ ಓಡಬಲ್ಲದು. ಆದರೆ ಡಿಫೆಂಡರ್ ಎಚ್ಚರವಾಗಿರುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಫೈಲ್‌ಗಳನ್ನು ವಾಪಸ್ ತರುವುದು

ಕಂಪ್ಯೂಟರ್ ಶುದ್ಧವಾದ ಮೇಲೆ ಡ್ರೈವ್‌ನ ಸರದಿ. ಬಚ್ಚಿಟ್ಟ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಹಿಡನ್ ಟಿಕ್ ತೆಗೆಯಲು ಹೋದರೆ ಅದು ಮಂಕಾಗಿರುತ್ತದೆ, ಒತ್ತಿದರೂ ಕೇಳುವುದಿಲ್ಲ. ಸಿಸ್ಟಮ್ ಗುರುತೂ ಜೊತೆಗಿರುವುದೇ ಕಾರಣ. ಕಮಾಂಡ್ ಪ್ರಾಂಪ್ಟ್ ಬೇಕೇ ಬೇಕು.

ಫೋನಿನಲ್ಲಿ ಹೇಳುವ ಹಾಗೇ ಹೇಳುತ್ತೇನೆ, ಟೈಪ್ ಮಾಡಿಕೊಳ್ಳಿ. ಮೊದಲು ಡ್ರೈವ್‌ನ ಅಕ್ಷರ, ಅದಕ್ಕೆ ಅಂಟಿಕೊಂಡು ಕೋಲನ್, ಎಂಟರ್. ಸಾಲಿನ ಮೊದಲಲ್ಲಿ ಪೆನ್ ಡ್ರೈವ್‌ನ ಅಕ್ಷರವೇ ಬಂದಿದೆಯಾ ನೋಡಿ. ಇನ್ನೂ ಸಿ ಅಂತಲೇ ಇದ್ದರೆ ಮುಂದೆ ಹೋಗಬೇಡಿ, ವಿಂಡೋಸ್‌ನದೇ ಫೈಲ್‌ಗಳ ಗುರುತು ಕಳಚಿಬಿಡುತ್ತದೆ. ಸರಿ ಇದ್ದರೆ ಎ, ಟಿ, ಟಿ, ಆರ್, ಐ, ಬಿ. ಸ್ಪೇಸ್. ಮೈನಸ್ ಎಸ್. ಸ್ಪೇಸ್. ಮೈನಸ್ ಎಚ್. ಸ್ಪೇಸ್. ಮೈನಸ್ ಆರ್. ಸ್ಪೇಸ್. ಸ್ಟಾರ್. ಸ್ಪೇಸ್. ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲೇ ಇರುವ ಸ್ಲ್ಯಾಶ್, ಅದಕ್ಕಂಟಿ ಎಸ್. ಸ್ಪೇಸ್. ಅದೇ ಸ್ಲ್ಯಾಶ್, ಅದಕ್ಕಂಟಿ ಡಿ. ಎಂಟರ್. ಫೈಲ್ ಜಾಸ್ತಿ ಇದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಆ ಕಪ್ಪು ಕಿಟಕಿಯಲ್ಲಿ ಚೌಕ ಚೌಕವಾಗಿ ಕಂಡರೆ ಹೆದರಬೇಡಿ, ಹೆಸರು ಕೆಟ್ಟಿಲ್ಲ, ತೋರಿಸಲು ಬರುತ್ತಿಲ್ಲ ಅಷ್ಟೇ.

ಈಗ ಡ್ರೈವ್ ತೆರೆದರೆ ಫೋಲ್ಡರ್‌ಗಳು ಕಾಣುತ್ತವೆ. ಹೆಸರಿಲ್ಲದ ಒಂದು ಫೋಲ್ಡರ್ ಮಾತ್ರ ಕಂಡರೆ ಅದರೊಳಗೆ ನೋಡಿ, ಎಲ್ಲ ಅಲ್ಲೇ ಇರುತ್ತದೆ. ಬೇಕಾದ ದಾಖಲೆ, ಫೋಟೊ ಅಷ್ಟನ್ನೇ ಆರಿಸಿ ಕಾಪಿ ಮಾಡಿ. ಶಾರ್ಟ್‌ಕಟ್, ಇಎಕ್ಸ್‌ಇ, ವಿಬಿಎಸ್, ಜೆಎಸ್ ಯಾವುದನ್ನೂ ತರಬೇಡಿ. ಫೈಲ್‌ಗಳು ತೆರೆಯುತ್ತವೆ ಅಂತ ಖಾತ್ರಿಯಾದ ಮೇಲೆ ಡ್ರೈವ್ ಫಾರ್ಮ್ಯಾಟ್ ಮಾಡಿ.

ಪಾಸ್‌ವರ್ಡ್, ಟೋಕನ್, ಜೆರಾಕ್ಸ್ ಅಂಗಡಿ

ಈ ವೈರಸ್‌ಗಳು ಒಂಟಿಯಾಗಿ ಬರುವುದು ಕಡಿಮೆ. ಬಾಗಿಲು ತೆರೆದು ಬೇರೆಯದನ್ನು ಒಳಗೆ ಬಿಡುವುದೇ ಆಂಡ್ರೊಮಿಡಾದಂಥವುಗಳ ದಂಧೆ. ಆದ್ದರಿಂದ ಸೋಂಕು ತಗುಲಿದ್ದ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳೆಲ್ಲ ಹೊರಗೆ ಹೋಗಿವೆ ಅಂತಲೇ ಲೆಕ್ಕ ಹಾಕಿ. ಬೇರೆ ಶುದ್ಧ ಕಂಪ್ಯೂಟರ್‌ನಲ್ಲಿ ಕೂತು ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ನಂತರ ಬ್ಯಾಂಕ್, ಜಿಎಸ್‌ಟಿ, ಉಳಿದವು. ಇಮೇಲ್ ಮೊದಲು ಯಾಕೆ ಅಂದರೆ ಉಳಿದೆಲ್ಲದರ ಪಾಸ್‌ವರ್ಡ್ ರೀಸೆಟ್ ಆಗುವುದು ಅಲ್ಲಿಂದಲೇ. ಡಿಜಿಟಲ್ ಸಹಿಯ ಟೋಕನ್ ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರ್‌ನಲ್ಲೇ ಚುಚ್ಚಿಟ್ಟು, ಅದರ ಪಿನ್ ಮಾನಿಟರ್‌ಗೆ ಅಂಟಿಸುವ ಪದ್ಧತಿ ಇದ್ದರೆ ಅದನ್ನೂ ನಿಲ್ಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಂಪನಿ ಅಥವಾ ಸರ್ಕಾರಿ ಕಚೇರಿಯ ಐಟಿ ಜವಾಬ್ದಾರಿ ನಿಮ್ಮದಾದರೆ, ಇಂಥ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕೆಂಬ, ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಗೊತ್ತಿರಲಿ.

ಜೆರಾಕ್ಸ್ ಅಂಗಡಿಗೆ ಹೋಗಬೇಡಿ ಅನ್ನಲು ಆಗುವುದಿಲ್ಲ. ಅಲ್ಲಿಗೆ ಅಂತಲೇ ಒಂದು ಬೇರೆ ಡ್ರೈವ್ ಇಡಿ, ಬಣ್ಣದ ಟೇಪ್ ಸುತ್ತಿ. ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಅದರಲ್ಲಿ ಇನ್ನೇನೂ ಇರಬಾರದು. ವಾಪಸ್ ಬಂದ ಮೇಲೆ ಅದನ್ನು ತೆರೆಯುವುದೇ ಇಲ್ಲ, ಚುಚ್ಚಿ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್. ಅಂಗಡಿಯಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದರೆ ಬರುವಾಗ ಮೊಬೈಲ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ ಲಾಗ್‌ಔಟ್ ಮಾಡಿ. ದೊಡ್ಡ ಕಚೇರಿಯಾದರೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ರೂಪಿಸಿ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಉಚಿತವಾಗಿ ಕೊಟ್ಟ ಯುಎಸ್‌ಬಿ ಪ್ರತಿರೋಧ್ ಥರದ ಸಾಧನ ನೋಡಬಹುದು. ಅನುಮತಿ ಇರುವ ಡ್ರೈವ್ ಮಾತ್ರ ತೆರೆಯುವ ಹಾಗೆ ಅದು ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ವಾರ ಬಿಟ್ಟು ಅದೇ ಖಾಲಿ ಡ್ರೈವ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ನಡುವೆ ಎರಡು ಮೂರು ಸಲವಾದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗಿರಬೇಕು, ಶೆಡ್ಯೂಲರ್‌ನಲ್ಲಿ ಉಳಿದುಕೊಂಡದ್ದು ಆಗಲೇ ತಲೆ ಎತ್ತುವುದು. ಡ್ರೈವ್‌ನಲ್ಲಿ ನೀವು ಇಟ್ಟದ್ದು ಬಿಟ್ಟು ಹೊಸದೇನೂ ಬರದಿದ್ದರೆ ಕೆಲಸ ಮುಗಿಯಿತು. ಒಂದೇ ಒಂದು ಶಾರ್ಟ್‌ಕಟ್ ಕಂಡರೂ ಆ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿ.